ಹಳೆಯ ನೇಮ್ ಸೆಟ್‌ಗೆ ಹೈ-ಕ್ಯಾಪ್ ಹಾಕುವುದು ಹೇಗೆ? ಹಾಕಿದರೆ ಉಪಯೋಗ ಇದೆಯಾ?

ನೀವು ಕೇಳಿರುವುದು ಇಷ್ಟು. ಇಂಗ್ಲೆಂಡಿನಲ್ಲಿದ್ದಾಗ ಸೆಕೆಂಡ್‌ಹ್ಯಾಂಡ್ ಕೊಂಡ ಬ್ರಿಟಿಷ್ ಕಂಪನಿ ನೇಮ್‌ನ ಎನ್‌ಎಸಿ 72 ಪ್ರೀಆಂಪ್ (ಹಾಡಿನ ಮೂಲ ಆರಿಸಿ ವಾಲ್ಯೂಮ್ ಹೊಂದಿಸುವ ಡಬ್ಬ), ಎನ್‌ಎಪಿ 140 ಪವರ್ ಆಂಪ್ (ಸ್ಪೀಕರನ್ನು ನಡೆಸುವ ಡಬ್ಬ) ಮತ್ತು ಒಂದು ರೀಗಾ ಪ್ಲೇನಾರ್ 3 ಟರ್ನ್‌ಟೇಬಲ್ ಮೈಸೂರಿಗೆ ಬಂದಿವೆ. ಈಗ ಒಂದು ಹೈ-ಕ್ಯಾಪ್, ಅಂದರೆ ಪ್ರೀಆಂಪಿಗೆಂದೇ ಇರುವ ನೇಮ್‌ನದೇ ಪ್ರತ್ಯೇಕ ಪವರ್ ಸಪ್ಲೈ ಡಬ್ಬ, ಸಿಕ್ಕಿದೆ. ಎಲ್ಲಿ ಜೋಡಿಸಬೇಕು, ಹಣಕ್ಕೆ ತಕ್ಕ ಉಪಯೋಗ ಇದೆಯಾ, ಸ್ಪೀಕರಿನಲ್ಲಿ ಬರುವ ಗುಂಯ್ ಶಬ್ದ ಇದರಿಂದ ಹೋಗುತ್ತದಾ?

ಕೊನೆಯದಕ್ಕೆ ಮೊದಲು ಉತ್ತರ: ಬಹುಶಃ ಹೋಗುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ನನ್ನ ಹತ್ತಿರವೂ ಇದೇ 72-140 ಜೋಡಿ ಇದೆ. ಹೈ-ಕ್ಯಾಪ್ ಕೆಲವು ವರ್ಷ ತಡವಾಗಿ ಬಂತು.

72ಕ್ಕೆ ಗೋಡೆಗೆ ಹೋಗುವ ವೈರೇ ಇಲ್ಲ, ಗಮನಿಸಿರುತ್ತೀರಿ. ಅದಕ್ಕೆ ಸ್ವಂತ ಪವರ್ ಸಪ್ಲೈ ಇಲ್ಲ. 140ರ ಹಿಂದಿನ ನಾಲ್ಕು ಪಿನ್ನಿನ ಡಿನ್ (ದುಂಡನೆಯ) ಸಾಕೆಟ್‌ನಿಂದ 24 ವೋಲ್ಟ್ ಡಿಸಿ ಬರುತ್ತದೆ. ಅದೇ ಕೇಬಲ್ಲಿನಲ್ಲಿ ಹಾಡಿನ ಸಿಗ್ನಲ್ 140ಕ್ಕೆ ಹೋಗುತ್ತದೆ. ಒಂದೇ ಕೇಬಲ್ಲಿನಲ್ಲಿ ಕರೆಂಟೂ ಸಂಗೀತವೂ.

ಪ್ರೀಆಂಪ್ ಎಳೆಯುವ ಕರೆಂಟ್ ತೀರಾ ಕಡಿಮೆ. ಹಾಗಾದರೆ ಅದಕ್ಕೆ ಬೇರೆ ದೊಡ್ಡ ಡಬ್ಬ ಯಾಕೆ? ಮನೆಯಲ್ಲಿ ನೀರಿನ ಮೋಟರ್ ಹಾಕಿದ ಕೂಡಲೇ ಬಲ್ಬು ಒಂದು ಕ್ಷಣ ಮಂಕಾಗುತ್ತದಲ್ಲ, ಹಾಗೆ. ಮೃದಂಗದ ಎಡಗೈ ಏಟು ಬಿದ್ದಾಗ ಪವರ್ ಆಂಪ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಅದೇ ಟ್ರಾನ್ಸ್‌ಫಾರ್ಮರನ್ನು ನಂಬಿಕೊಂಡ ಪ್ರೀಆಂಪಿಗೂ ಆ ಅಲುಗಾಟ ಸ್ವಲ್ಪ ತಟ್ಟುತ್ತದೆ. ನಡುವೆ ಇರುವ, ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಬಹುಪಾಲು ತಡೆಯುತ್ತದೆ, ಪೂರ್ತಿ ಅಲ್ಲ. ಹೈ-ಕ್ಯಾಪ್ ಬಂದರೆ ಪ್ರೀಆಂಪಿಗೆ ಬೇರೆಯೇ ಟ್ರಾನ್ಸ್‌ಫಾರ್ಮರ್, ಜೊತೆಗೆ ಎರಡು ಪ್ರತ್ಯೇಕ 24 ವೋಲ್ಟ್ ಲೈನು.

ಲಾಭ ಎಲ್ಲಿ ಕೇಳಿಸುತ್ತದೆ ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್. ಟರ್ನ್‌ಟೇಬಲಿನ ಮುಳ್ಳು ಇರುವ ಕಾರ್ಟ್ರಿಜ್ ಎಂಎಂ (ಅಯಸ್ಕಾಂತ ಅಲುಗುವ ಬಗೆ) ಆದರೆ ಕೊಡುವುದು 5 ಮಿಲಿವೋಲ್ಟ್ ಆಸುಪಾಸು. ಎಂಸಿ (ತಂತಿ ಸುರುಳಿ ಅಲುಗುವ ಬಗೆ) ಆದರೆ ಅದರಲ್ಲಿ ಹತ್ತನೇ ಒಂದು ಭಾಗ, ಇನ್ನೂ ಕಡಿಮೆಯೂ ಇರಬಹುದು. ಇಷ್ಟು ಚಿಕ್ಕ ಸಿಗ್ನಲನ್ನು ದೊಡ್ಡದು ಮಾಡುವಾಗ ಸಪ್ಲೈಯ ಕೊಳೆಯೂ ಜೊತೆಗೆ ದೊಡ್ಡದಾಗುತ್ತದೆ. ಎಲ್‌ಪಿ ಕೇಳುವವರಾದರೆ ಹೈ-ಕ್ಯಾಪ್ ಹಾಕಿ. ಬರೀ ಫೋನಿನಿಂದ ಸ್ಟ್ರೀಮ್ ಮಾಡುವವರಾದರೆ ಆ ದುಡ್ಡನ್ನು ಸ್ಪೀಕರಿಗೆ ಹಾಕಿ ಅನ್ನುತ್ತಿದ್ದೆ.

ಈಗ ಜೋಡಣೆ. ಮೊದಲು ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಹತ್ತು ನಿಮಿಷ ಸುಮ್ನೆ ಬಿಡಿ. ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. 72ರ ಹಿಂದೆ ಐದು ಪಿನ್ನಿನ ಸಾಕೆಟ್ಟಿನಲ್ಲಿ ಒಂದು ಪುಟ್ಟ ಲಿಂಕ್ ಪ್ಲಗ್ ಕೂತಿರುತ್ತದೆ. ಅದನ್ನು ತೆಗೆಯಿರಿ, ಡಬ್ಬಿಯಲ್ಲಿ ಜೋಪಾನವಾಗಿ ಇಡಿ. ಮುಂದೆ ಹೈ-ಕ್ಯಾಪ್ ರಿಪೇರಿಗೆ ಹೋದರೆ ಅದಿಲ್ಲದೆ ಹಾಡು ಬರುವುದಿಲ್ಲ. ಆ ಜಾಗಕ್ಕೆ ಐದು ಪಿನ್ನಿನ ಕೇಬಲ್ ಹಾಕಿ, ಇನ್ನೊಂದು ತುದಿಯನ್ನು ಹೈ-ಕ್ಯಾಪಿಗೆ ಕೊಡಿ. ಹೈ-ಕ್ಯಾಪಿನಿಂದ 140ಕ್ಕೆ ನಾಲ್ಕು ಪಿನ್ನಿನ ಕೇಬಲ್. ಅಷ್ಟೇ. 72ರಿಂದ 140ಕ್ಕೆ ನೇರ ಕೇಬಲ್ ಈಗ ಇರಬಾರದು. ಹಾಡು ಹೈ-ಕ್ಯಾಪಿನ ಮೂಲಕವೇ ಹಾದುಹೋಗುತ್ತದೆ. ಇದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು.

ಆನ್ ಮಾಡುವಾಗ ಟರ್ನ್‌ಟೇಬಲ್ ಅಥವಾ ಸಿಡಿ ಮೊದಲು, ಆಮೇಲೆ ಹೈ-ಕ್ಯಾಪ್, ಕೊನೆಗೆ 140. ಆಫ್ ಮಾಡುವಾಗ 140 ಮೊದಲು. ಇದನ್ನು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಒಂದು ಭಾನುವಾರ "ಒಂದೇ ಸೆಕೆಂಡ್ ತಾನೆ" ಅಂದುಕೊಂಡು 140 ಆನ್ ಇರುವಾಗಲೇ ಡಿನ್ ಪ್ಲಗ್ ಎಳೆದೆ. ಧಡ್ ಅಂತ ಒಂದು ಶಬ್ದ. ಬಲಗಡೆಯ ವೂಫರ್ ಹೋಯಿತು. ಕೊನೆಗೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೊತ್ತುಕೊಂಡು ಹೋಗಿ ಕಾಯಿಲ್ ಸುತ್ತಿಸಿದೆ. ತಪ್ಪು ಪೂರ್ತಿ ನನ್ನದೇ.

ಇನ್ನು ಗುಂಯ್ ಶಬ್ದ. ಅದರ ಶ್ರುತಿ ಕೇಳಿ ನೋಡಿ. 50 ಹರ್ಟ್ಸ್ ಆದರೆ ತೀರಾ ತಗ್ಗಿನ, ಎದೆಗೆ ತಾಗುವಂಥ ಶಬ್ದ. 100 ಆದರೆ ಅದರ ಒಂದು ಸ್ಥಾಯಿ ಮೇಲೆ, ಶ್ರುತಿಪೆಟ್ಟಿಗೆಯ ಕೆಳಗಿನ ಸ್ವರದ ಹಾಗೆ. 100 ಬಂದರೆ ಸಾಮಾನ್ಯವಾಗಿ ಸಪ್ಲೈಯ ಕೆಪಾಸಿಟರ್ ಸೋತಿವೆ ಎಂದರ್ಥ. 50 ಬಂದರೆ ಅರ್ಥ್ ಸಮಸ್ಯೆ, ಇಲ್ಲವೇ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಟರ್ನ್‌ಟೇಬಲ್ ಇದೆ. ನೀವು ಬರೆದಿರುವುದು, ಫೋನೋ (ಟರ್ನ್‌ಟೇಬಲಿನ ಇನ್‌ಪುಟ್) ಹಾಕಿದಾಗ ಮಾತ್ರ ಬರುತ್ತದೆ, ತುಂಬಾ ತಗ್ಗು ಅಂತ. ಅದಕ್ಕೇ ಹೈ-ಕ್ಯಾಪಿನಿಂದ ಹೋಗಲಿಕ್ಕಿಲ್ಲ ಅಂದೆ. 72, 140, ಟರ್ನ್‌ಟೇಬಲ್ ಮೂರನ್ನೂ ಒಂದರ ಮೇಲೊಂದು ಪೇರಿಸಿದ್ದೀರಿ ಅನ್ನಿಸುತ್ತದೆ. 140 ಮತ್ತು ಹೈ-ಕ್ಯಾಪನ್ನು ಒಂದು ಕಡೆ, 72 ಮತ್ತು ಟರ್ನ್‌ಟೇಬಲನ್ನು ಒಂದೆರಡು ಅಡಿ ದೂರ ಇಟ್ಟು ನೋಡಿ. ಕಾಸು ಖರ್ಚಿಲ್ಲ.

ಅರ್ಥ್ ಕೂಡ ಪರೀಕ್ಷಿಸಿ. ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ. ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ 230 ವೋಲ್ಟ್ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಸಾಕು, ಹತ್ತಿಪ್ಪತ್ತು ಬಂದರೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಇದನ್ನೂ ಅವರಿಂದಲೇ ಮಾಡಿಸಿ. ನಮ್ಮ ಮನೆಯಲ್ಲಿ ಇದ್ದಿಲು, ಉಪ್ಪು ಹಾಕಿದ ಹಳೆಯ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಹೋಗುತ್ತಿತ್ತು. ಎರಡು ಬಕೆಟ್ ನೀರು ಹೊಯ್ದ ಮೇಲೆ ಹಮ್ (ಆ ಗುಂಯ್ ಶಬ್ದ) ಅರ್ಧಕ್ಕರ್ಧ ಇಳಿಯಿತು! ದಯವಿಟ್ಟು ಯಾರ ಮಾತು ಕೇಳಿಯೂ ಹಮ್ ಹೋಗಲಿ ಅಂತ ಆಂಪಿನ ಅರ್ಥ್ ವೈರ್ ಕತ್ತರಿಸಬೇಡಿ. ಅದು ಜೀವ ಉಳಿಸುವ ವೈರು.

ಇಂಗ್ಲೆಂಡಿನ ಪ್ಲಗ್ ಬಗ್ಗೆ: ಅಲ್ಲಿಯದೂ ಇಲ್ಲಿಯದೂ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಬದಲಿಸುವ ಕೆಲಸವಿಲ್ಲ. ಟ್ರಾವೆಲ್ ಅಡಾಪ್ಟರ್ ಮಾತ್ರ ಬೇಡ, ಎಷ್ಟೋ ಅಡಾಪ್ಟರುಗಳಲ್ಲಿ ಅರ್ಥ್ ಮುಂದಕ್ಕೆ ಹೋಗುವುದೇ ಇಲ್ಲ. ಹಿಂದೆ ಇರುವುದು ಕಂಪ್ಯೂಟರಿನ ಥರದ ಸಾಕೆಟ್ಟೇ ಆದರೆ ಒಳ್ಳೆಯ ಕಂಪ್ಯೂಟರ್ ಪವರ್ ಕಾರ್ಡ್ ಸಾಕು. ಎಲ್ಲವನ್ನೂ ಒಂದೇ ಗೋಡೆ ಸಾಕೆಟ್ಟಿನಿಂದ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೊಡಿ. ಆ ಸಾಕೆಟ್ ಇನ್ವರ್ಟರ್ ಲೈನಿನದ್ದಾಗಿರಬಾರದು. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕರೆಂಟ್ ಹೋದ ತಕ್ಷಣ ಟ್ರಾನ್ಸ್‌ಫಾರ್ಮರ್ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ.

ನೀವು ಕೇಳದೆ ಇದ್ದರೂ ಒಂದು ಎಚ್ಚರಿಕೆ. ಈಗಿನ ಪ್ಲೇನಾರ್ 3ರ ಅಡಾಪ್ಟರಿನ ಮೇಲೂ 24 ವೋಲ್ಟ್ ಅಂತಲೇ ಇರುತ್ತದೆ. ಆದರೆ ಅದು ಎಸಿ, ಹೈ-ಕ್ಯಾಪಿನದು ಡಿಸಿ. ಅಂಕಿ ಒಂದೇ ಅಂತ ಒಂದರ ಬದಲು ಇನ್ನೊಂದು ಉಪಯೋಗಿಸುವ ಯೋಚನೆ ಬೇಡ. ಆ ಟರ್ನ್‌ಟೇಬಲಿಗೆ ಅಪ್‌ಗ್ರೇಡ್ ಬೇಕಿದ್ದರೆ ರೀಗಾದ್ದೇ ನಿಯೋ ಸಪ್ಲೈ ಇದೆ. 33ರಿಂದ 45ಕ್ಕೆ ಬಟನ್ ಒತ್ತಿದರೆ ಸಾಕು, ಪ್ಲ್ಯಾಟರ್ ಎತ್ತಿ ಬೆಲ್ಟ್ ಸರಿಸುವ ಕೆಲಸ ತಪ್ಪುತ್ತದೆ. ನಾನಂತೂ ತೆಗೆದುಕೊಂಡಿಲ್ಲ, ನನ್ನ ಹತ್ತಿರ 45ರ ತಟ್ಟೆ ಇರುವುದೇ ನಾಲ್ಕು.

ಮುಂದಿನ ಅಪ್‌ಗ್ರೇಡ್ ಅಂದರೆ ನನ್ನ ಪ್ರಕಾರ ಹೊಸ ಡಬ್ಬ ಅಲ್ಲ, ಸರ್ವಿಸ್. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಉಪಯೋಗಿಸಲಿ ಬಿಡಲಿ ವಯಸ್ಸಾಗುತ್ತಾ ಒಣಗುತ್ತವೆ. ನಿಮ್ಮ ಸೆಟ್ 90ರ ದಶಕದ್ದು ಅಂದಿದ್ದೀರಿ, ಕೆಪಾಸಿಟರ್ ಬದಲಿಸಿದ ದಾಖಲೆ ಇಲ್ಲದಿದ್ದರೆ 140 ಮತ್ತು ಹೈ-ಕ್ಯಾಪ್ ಎರಡಕ್ಕೂ ಕಾಲ ಬಂದಿದೆ. ನನ್ನದರಲ್ಲಿ ಹೈ-ಕ್ಯಾಪ್ ಸೇರಿಸಿದಾಗ ಆದದ್ದಕ್ಕಿಂತ ದೊಡ್ಡ ವ್ಯತ್ಯಾಸ 140ರ ಕೆಪಾಸಿಟರ್ ಬದಲಿಸಿದಾಗ ಆಯಿತು.

ನೇಮ್ ಆಂಪನ್ನು ಸದಾ ಆನ್ ಇಡಿ ಅನ್ನುವ ಸಲಹೆ ಓದಿರುತ್ತೀರಿ. ಅದು ನೇಮ್‌ನ ಊರಾದ ಇಂಗ್ಲೆಂಡಿನ ಸಾಲಿಸ್ಬರಿಯ ಕರೆಂಟಿಗೆ ಸರಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಶುರುವಾದರೆ ನಾನು ಪ್ಲಗ್ಗನ್ನೇ ಕಿತ್ತು ಇಡುತ್ತೇನೆ. ಹಾಂ, ಸ್ಪೀಕರ್ ವೈರ್ ಉದ್ದ ಜಾಸ್ತಿ ಅಂತ ಕತ್ತರಿಸಬೇಡಿ. ಈ ಆಂಪುಗಳಿಗೆ ಒಂದೊಂದು ಕಡೆಗೂ ಕನಿಷ್ಠ 3.5 ಮೀಟರ್ ವೈರ್ ಬೇಕು. ಔಟ್‌ಪುಟ್ಟಿನಲ್ಲಿ ಇಂಡಕ್ಟರ್ (ಆಂಪನ್ನು ಸ್ಥಿರವಾಗಿಡುವ ತಂತಿ ಸುರುಳಿ) ಇಲ್ಲ, ಆ ಕೆಲಸವನ್ನು ವೈರೇ ಮಾಡುತ್ತದೆ.