ಟೈಟಾನಿಯಂ ಮೈ ಒರಟಾಗಿದ್ದರೆ ಮೂಳೆಗೆ ಹೇಗೆ ಗೊತ್ತಾಗುತ್ತದೆ?

ನಿಮ್ಮ ತಾಯಿಯವರ ಕೆಳದವಡೆಗೆ ಇಂಪ್ಲಾಂಟ್, ಅಂದರೆ ಕೃತಕ ಹಲ್ಲಿಗೆ ಬೇರಾಗಿ ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ಸ್ಕ್ರೂ, ಹಾಕಿಸಬೇಕೆಂದಿದ್ದೀರಿ. ವೈದ್ಯರು ಎರಡು ದರ ಹೇಳಿ, ಹೆಚ್ಚಿನದಕ್ಕೆ ‘ಮೇಲ್ಮೈ ಸಂಸ್ಕರಣೆ’ ಕಾರಣ ಎಂದಿದ್ದಾರೆ. ಸ್ಕ್ರೂವಿನ ಮೈ ಹೇಗಿದೆ ಎಂಬುದು ಮೂಳೆಗೆ ತಿಳಿಯುವುದಾದರೂ ಹೇಗೆ ಎಂಬುದು ನಿಮ್ಮ ಪ್ರಶ್ನೆ. ಇಪ್ಪತ್ತೈದು ವರ್ಷಗಳಿಂದ ಇಂಪ್ಲಾಂಟ್ ಕೂರಿಸುತ್ತಿರುವ ದಂತವೈದ್ಯನಾಗಿ ಹೇಳುತ್ತೇನೆ: ಮೂಳೆಗಿಂತ ಮೊದಲು ಅದು ರಕ್ತಕ್ಕೆ ತಿಳಿಯುತ್ತದೆ.

ಮನೆ ಕಟ್ಟಿಸಿದ್ದರೆ ನೀವು ನೋಡಿರುತ್ತೀರಿ. ನುಣುಪಾದ ಕಾಂಕ್ರೀಟ್ ಕಂಬಕ್ಕೆ ಗಾರೆ ಬಳಿಯುವ ಮುನ್ನ ಕೆಲಸದವರು ಅದರ ಮೈತುಂಬ ಕಚ್ಚು ಹೊಡೆಯುತ್ತಾರೆ. ಇಂಪ್ಲಾಂಟಿನ ಮೈ ಒರಟು ಮಾಡುವುದೂ ಇದಕ್ಕೇ ಎಂದು ಓದುವ ದಿನಗಳಲ್ಲಿ ನಾನು ತಿಳಿದಿದ್ದೆ. ಅದು ಅರ್ಧ ನಿಜ. ಗಾರೆ ಬಳಿದಲ್ಲೇ ಗಟ್ಟಿಯಾಗುತ್ತದೆ. ಮೂಳೆ ಮಾತ್ರ ತಾನಾಗಿ ಬೆಳೆದು ಬರಬೇಕು.

ದವಡೆಯಲ್ಲಿ ರಂಧ್ರ ಕೊರೆದು ಸ್ಕ್ರೂ ತಿರುಗಿಸಿದಾಗ ಅಂಚಿನ ಸಣ್ಣ ಸಂದುಗಳಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಎಂದರೆ ಫೈಬ್ರಿನ್ ಎಂಬ ಎಳೆಗಳ ಬಲೆ. ಮೂಳೆ ಕಟ್ಟುವ ಜೀವಕೋಶಗಳು ಈ ಎಳೆಗಳನ್ನೇ ಹಿಡಿದು ಲೋಹದ ಕಡೆಗೆ ತೆವಳುತ್ತವೆ, ತೆವಳುವಾಗ ಎಳೆಗಳನ್ನು ಜಗ್ಗುತ್ತವೆ. ನುಣುಪಾದ ಲೋಹದಿಂದ ಎಳೆ ಬೇಗ ಕಳಚಿಕೊಳ್ಳುತ್ತದೆ. ಕೋಶಗಳು ನಡುದಾರಿಯಲ್ಲೇ ನಿಲ್ಲುತ್ತವೆ. ಆಗ ಹಳೆಯ ಮೂಳೆಯ ಅಂಚಿನಿಂದ ಹೊಸ ಮೂಳೆ ನಿಧಾನವಾಗಿ ಲೋಹದವರೆಗೆ ಬೆಳೆಯಬೇಕು. ಮೈ ಒರಟಾಗಿದ್ದರೆ ಎಳೆ ಕಚ್ಚಿಕೊಂಡಿರುತ್ತದೆ. ಕೋಶಗಳು ಲೋಹದ ಮೈಗೇ ಬಂದು ಅಲ್ಲೇ ಮೂಳೆ ಹಾಕಲು ತೊಡಗುತ್ತವೆ. ಅಲ್ಲಿಗೆ ಎರಡೂ ಕಡೆಯಿಂದ ಕೆಲಸ ಶುರುವಾಯಿತು.

ಮೂಳೆ ಟೈಟಾನಿಯಂ ಜೊತೆ ಬೆಸೆಯುತ್ತದೆ ಎಂಬುದು ಗೊತ್ತಾದದ್ದು ಸ್ವೀಡನ್ನಿನಲ್ಲಿ. 1952ರಲ್ಲಿ ಲುಂಡ್ ನಗರದಲ್ಲಿ ಸಂಶೋಧಕ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ಇಟ್ಟಿದ್ದ ಟೈಟಾನಿಯಂ ಸಾಧನ ಹೊರತೆಗೆಯಲು ಬಾರದಷ್ಟು ಭದ್ರವಾಗಿ ಕೂತಿತ್ತು. 1965ರಲ್ಲಿ ಅವರು ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದರು. ಲೇತಿನಲ್ಲಿ ಕಡೆದ ನಯವಾದ ಆ ಸ್ಕ್ರೂಗಳಿಗೆ ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳು ಕಾಯಬೇಕಿತ್ತು. ಕಾದರೂ ಮೇಲ್ದವಡೆಯ ಹಿಂಭಾಗದ ಮೆತ್ತನೆಯ ಮೂಳೆ ಕೆಲವೊಮ್ಮೆ ಕೈಕೊಡುತ್ತಿತ್ತು. ನನ್ನ ಮೊದಲ ವರ್ಷಗಳಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿಗೆ ಅಂಥದ್ದೇ ಸ್ಕ್ರೂ ಹಾಕಿದ್ದೆ. ಆರು ತಿಂಗಳ ನಂತರ ಮುಚ್ಚಳ ಬಿಚ್ಚಲು ಹೋದರೆ ಇಂಪ್ಲಾಂಟೇ ತಿರುಗಿ ಬಂತು. ನೋವಿಲ್ಲ, ಕೀವಿಲ್ಲ, ಸುತ್ತ ಮೂಳೆಯ ಬದಲು ಮೆತ್ತನೆಯ ಅಂಗಾಂಶವಿತ್ತು. ಅಷ್ಟು ದಿನ ಕಾದ ಅವರಿಗೆ ಅದನ್ನು ಹೇಳಿದ ಗಳಿಗೆ ಇಂದಿಗೂ ನೆನಪಿದೆ.

ಈಗ ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ ಕುರುಂದವೆಂಬ ಬಲು ಗಟ್ಟಿ ಖನಿಜದ ಹರಳುಗಳನ್ನು ಟೈಟಾನಿಯಂ ಮೇಲೆ ರಭಸವಾಗಿ ಎರಚುತ್ತಾರೆ. ದೊಡ್ಡ ಗುಂಡಿಗಳು ಬೀಳುತ್ತವೆ. ಆಮೇಲೆ ಬಿಸಿ ಆಮ್ಲದಲ್ಲಿ ಅದ್ದಿದಾಗ ಆ ಗುಂಡಿಗಳೊಳಗೆ ಎರಡು ಮೂರು ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕುಳಿಗಳು ಮೂಡುತ್ತವೆ. 1991ರಲ್ಲಿ ಸಂಶೋಧಕ ಡೇನಿಯಲ್ ಬೂಸರ್ ಮತ್ತು ಸಂಗಡಿಗರು ಚಿಕ್ಕ ತಳಿಯ ಹಂದಿಗಳಲ್ಲಿ ಬೇರೆ ಬೇರೆ ಮೈಗಳನ್ನು ಹೋಲಿಸಿದರು. ಹೊಳಪು ಕೊಟ್ಟ ಲೋಹದ ಶೇ. 20–25 ಭಾಗಕ್ಕೆ ಮಾತ್ರ ಮೂಳೆ ತಾಗಿತ್ತು. ಹರಳು ಎರಚಿ ಆಮ್ಲದಲ್ಲಿ ಅದ್ದಿದ್ದಕ್ಕೆ ಶೇ. 50–60. ಮೂಳೆಯದೇ ಖನಿಜವಾದ ಹೈಡ್ರಾಕ್ಸಿಅಪಟೈಟ್ ಲೇಪಿಸಿದ್ದು ಇದನ್ನೂ ಮೀರಿಸಿತು, ಆದರೆ ಆ ಲೇಪನ ಕರಗುವ ಲಕ್ಷಣ ಅಲ್ಲೇ ಕಂಡಿತ್ತು. ಅಂಟಿಸಿದ ಪದರಕ್ಕಿಂತ ಲೋಹದ ಮೈಯನ್ನೇ ಬದಲಿಸುವುದು ಮೇಲೆಂದು ನಾನು ನಂಬುವುದು ಈ ಕಾರಣಕ್ಕೆ.

ಒರಟು ಹೆಚ್ಚಿದಷ್ಟೂ ಒಳ್ಳೆಯದೇ? ಇಲ್ಲ. ಒಂದರಿಂದ ಎರಡು ಮೈಕ್ರಾನಿನ ಸಾಧಾರಣ ಒರಟು ಸಾಕು. ಮುಂದೆಂದಾದರೂ ವಸಡು ಇಳಿದು ಆ ಭಾಗ ಬಾಯಿಗೆ ತೆರೆದುಕೊಂಡರೆ ಬ್ಯಾಕ್ಟೀರಿಯಾಗಳಿಗೂ ಒರಟು ಮೈಯೇ ಇಷ್ಟ, ತೊಳೆದು ತೆಗೆಯುವುದು ಬಹಳ ಕಷ್ಟ. ಇನ್ನು, ಗಾಳಿಯಲ್ಲಿರುವ ಇಂಗಾಲದ ಅಂಶ ಕೂತಂತೆ ಟೈಟಾನಿಯಂ ನೀರನ್ನು ಸೆಳೆಯುವ ಗುಣ ಕಳೆದುಕೊಳ್ಳುತ್ತದೆ. ಹಾಗಾಗಿ ಕೆಲವು ದುಬಾರಿ ಇಂಪ್ಲಾಂಟುಗಳನ್ನು ಲವಣಜಲದಲ್ಲಿ ಮುಳುಗಿಸಿಯೇ ಮಾರುತ್ತಾರೆ.

ಇನ್ನು ನಿಮ್ಮ ಎರಡು ದರದ ವಿಷಯ. ಇಂದು ಮಾರುಕಟ್ಟೆಯ ಬಹುತೇಕ ಎಲ್ಲ ಇಂಪ್ಲಾಂಟುಗಳ ಮೈಯೂ ಸಂಸ್ಕರಿಸಿದ್ದೇ ಆಗಿರುತ್ತದೆ. ಹಾಗಾದರೆ ಹೆಚ್ಚಿನ ಹಣ ಯಾವ ಸಂಸ್ಕರಣೆಗೆ, ತಾಯಿಯವರ ಮೂಳೆ ಎಷ್ಟು ಗಟ್ಟಿಯಿದೆ ಎಂದು ನೇರವಾಗಿ ಕೇಳಿ. ಕೆಳದವಡೆಯ ಮೂಳೆ ಗಟ್ಟಿಯಿದ್ದರೆ ಹೆಚ್ಚಿನ ದರದಿಂದ ಬಹುಶಃ ಕಾಯುವ ಕೆಲವು ವಾರಗಳಷ್ಟೇ ಉಳಿದಾವು. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ಅಥವಾ ತಂಬಾಕಿನ ಅಭ್ಯಾಸವಿದ್ದರೆ ಮೊದಲು ಅದನ್ನು ಸರಿಪಡಿಸಿ; ಹಣ ಆಮೇಲೆ.

ಇನ್ನೊಂದು ವಿಷಯವನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಮೊದಲ ದಿನ ಸ್ಕ್ರೂವನ್ನು ಹಿಡಿದಿರುವುದು ಹಳೆಯ ಮೂಳೆ. ದೇಹ ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಹೊಸದನ್ನು ಕಟ್ಟುತ್ತದೆ. ಸುಮಾರು ಮೂರು ನಾಲ್ಕನೆಯ ವಾರದಲ್ಲಿ ಹಳೆಯ ಹಿಡಿತ ಸಡಿಲಾಗಿರುತ್ತದೆ, ಹೊಸದು ಇನ್ನೂ ಬಲಿತಿರುವುದಿಲ್ಲ. ಒಳ್ಳೆಯ ಮೇಲ್ಮೈ ಈ ಇಳಿತವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಗಾಯ ಒಣಗಿ ನೋವೆಲ್ಲ ಹೋಗಿರುವುದೂ ಆಗಲೇ. ಆ ವಾರಗಳಲ್ಲಿ ತಾಯಿಯವರು ಆ ಬದಿಯಿಂದ ಚಕ್ಕುಲಿ, ನಿಪ್ಪಟ್ಟು ಅಗಿಯದಂತೆ ನೋಡಿಕೊಳ್ಳಿ.