ಚದುರಂಗ ಪ್ರಶ್ನೋತ್ತರ: ಆ ಕುದುರೆಯನ್ನು ಹೊಡೆದಿದ್ದರೆ?

ಪ್ರಶ್ನೆ: 1928ರ ಬಾಡ್ ಕಿಸಿಂಗೆನ್ ಪಂದ್ಯಾವಳಿಯ ಯೂವೆ (ಬಿಳಿ)–ರೂಬಿನ್‌ಸ್ಟೈನ್ (ಕಪ್ಪು) ಆಟದಲ್ಲಿ ಬಿಳಿಯ ಕುದುರೆ 13ನೇ ನಡೆಗೆ ಡಿ5ರ ಕಾಲಾಳನ್ನು ಹೊಡೆದು ಅಲ್ಲೇ ಕೂರುತ್ತದೆ. ಸಿ6ರ ಕಾಲಾಳಿನಿಂದ ಅದನ್ನು ಹೊಡೆಯಬಹುದಿತ್ತಲ್ಲ?

ಉತ್ತರ: ಹೊಡೆದಿದ್ದರೆ ರಾಣಿಯೇ ಹೋಗುತ್ತಿತ್ತು. ಇದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಎಂಬ ಆರಂಭದ ಆರ್ಥಡಾಕ್ಸ್ ಡಿಫೆನ್ಸ್ ಎಂಬ ಬಗೆ. 12ನೇ ನಡೆ ಮುಗಿದಾಗ ಕಪ್ಪು ರಾಣಿ ಡಿ8ರಲ್ಲಿ. ಅದರ ಸುತ್ತ ಸಿ8 ಮತ್ತು ಇ7ರಲ್ಲಿ ಒಂಟೆ, ಡಿ7ರಲ್ಲಿ ಕುದುರೆ, ಇ8ರಲ್ಲಿ ಆನೆ. ಎಲ್ಲ ತನ್ನವೇ! ಉಳಿದ ಒಂದೇ ಬಾಗಿಲು ಸಿ7. ಬಿಳಿಯ ಒಂಟೆ ಎಫ್4ರಲ್ಲಿದೆ, ಆನೆ ಸಿ1ರಲ್ಲಿ, ರಾಣಿ ಸಿ2ರಲ್ಲಿ.

ಸಿ6ರ ಕಾಲಾಳು ಡಿ5ಕ್ಕೆ ಹೋದೊಡನೆ ಸಿ ಸಾಲು ತೆರೆಯುತ್ತದೆ. 14.ಒಂಟೆ ಸಿ7: ಬಾಗಿಲೂ ಮುಚ್ಚಿತು, ರಾಣಿಯ ಮೇಲೆ ದಾಳಿಯೂ ಆಯಿತು. ರಾಣಿ ಆ ಒಂಟೆಯನ್ನು ಹೊಡೆದರೆ ಸಿ2ರ ರಾಣಿ ತಿರುಗಿ ಹೊಡೆಯುತ್ತದೆ. ಲೆಕ್ಕ: ಕಪ್ಪಿಗೆ ಸಿಕ್ಕಿದ್ದು ಕುದುರೆ, ಒಂಟೆ, ಹೋದದ್ದು ರಾಣಿ, ಕಾಲಾಳು. ಡಿ5ರ ಕುದುರೆಯನ್ನು ಹೊಡೆಯದೆ ಬಿಟ್ಟರೆ ಕಾಲಾಳು ಮಾತ್ರ ನಷ್ಟ.

ಎಲ್ಲರೂ ಬೈಯುವುದು 12...ಎಫ್5 ನಡೆಯನ್ನು (ಮೂರು ಚುಕ್ಕಿ ಎಂದರೆ ಕಪ್ಪಿನ ನಡೆ; ಇಲ್ಲಿ ಕಾಲಾಳು ಎಫ್5ಕ್ಕೆ). ಆದರೆ ಅದಕ್ಕೂ ಕಾರಣವಿತ್ತು: ಬಿಳಿ ಒಂಟೆಯಿಂದ ಇ4ರ ಕುದುರೆಯನ್ನು ಹೊಡೆದು ಒಂದು ಕಾಲಾಳು ಗೆಲ್ಲುವ ಹೊಂಚಿನಲ್ಲಿತ್ತು. ಎಫ್5 ಆ ಹೊಂಚನ್ನು ತಡೆಯಿತು, ಡಿ5ರ ಮೇಲಿನ ಹೊಂಚು ಮಾತ್ರ ಹಾಗೇ ಉಳಿಯಿತು. 12ನೇ ನಡೆಗೆ ಇ4ರ ಕುದುರೆಯಿಂದ ಸಿ3ರ ಕುದುರೆಯನ್ನು ಹೊಡೆದಿದ್ದರೆ ಅದು ಎರಡೂ ಹೊಂಚನ್ನು ಒಟ್ಟಿಗೆ ಮುಗಿಸುತ್ತಿತ್ತು. ನಮ್ಮ ಮಟ್ಟಿಗೆ ಇನ್ನೂ ಒಳ್ಳೆಯದು, ಒಂದು ನಡೆ ಮೊದಲೇ ಇ4ಕ್ಕೆ ಹಾರದೆ ಡಿ7ರ ಕುದುರೆಯನ್ನು ಎಫ್8ಕ್ಕೆ ಸರಿಸುವುದು. ರಾಣಿಗೆ ಡಿ7 ತೆರವಾಗುತ್ತದೆ. ವಿಚಿತ್ರವೆಂದರೆ 1930ರಲ್ಲಿ ಸ್ಯಾನ್ ರೆಮೊದಲ್ಲಿ ಅಲೆಖೈನ್ ಎದುರು ರೂಬಿನ್‌ಸ್ಟೈನ್ ಇದೇ ಬಲೆಗೆ ಮತ್ತೆ ಬಿದ್ದರು. ಬಲೆಗೆ ಈಗ ಅವರದೇ ಹೆಸರು.

ಪ್ರಶ್ನೆ: ಇದೇ ಡಿಫೆನ್ಸ್‌ನಲ್ಲಿ 4.ಒಂಟೆ ಜಿ5ಕ್ಕೆ ಉತ್ತರವಾಗಿ ಬಿ8ರ ಕುದುರೆಯನ್ನು ಡಿ7ಕ್ಕೆ ತಂದರೆ ಡಿ5ರ ಕಾಲಾಳು ಪುಕ್ಕಟೆ ಹೋಗುವುದಿಲ್ಲವೆ?

ಉತ್ತರ: ಇಲ್ಲ. 5ನೇ ನಡೆಗೆ ಡಿ5ರಲ್ಲಿ ಕಾಲಾಳುಗಳ ವಿನಿಮಯ. 6ನೇ ನಡೆಗೆ ಬಿಳಿ ಕುದುರೆ ಡಿ5ನ್ನು ಹೊಡೆದರೆ, ಜಿ5ರ ಒಂಟೆಗೆ ಹೆದರದೆ ಎಫ್6ರ ಕುದುರೆಯಿಂದ ಅದನ್ನು ಹೊಡೆಯಿರಿ. 7.ಒಂಟೆ ನಿಮ್ಮ ರಾಣಿಯನ್ನು ತೆಗೆಯುತ್ತದೆ. ನೀವು ಒಂಟೆ ಬಿ4, ಚೆಕ್. ಬಿಳಿ ರಾಜನಿಗೆ ಮನೆಯಿಲ್ಲ, ರಾಣಿ ಡಿ2ಕ್ಕೆ ಅಡ್ಡ ಬರಲೇಬೇಕು. ಅದನ್ನು ಹೊಡೆದು, ನಿಮ್ಮ ಒಂಟೆಯನ್ನು ರಾಜ ಹೊಡೆದ ಮೇಲೆ ಡಿ8ರ ಒಂಟೆಯನ್ನು ತೆಗೆದುಕೊಳ್ಳಿ. ಒಂದು ಕಾಲಾಳಿಗೆ ಒಂದು ಕುದುರೆ ಲಾಭ.

ಎಚ್ಚರ: ಬಿಳಿ ಆಗಲೇ ಇ3 ಆಡಿದ್ದರೆ ರಾಜ ಇ2ಕ್ಕೆ ಜಾರುತ್ತಾನೆ; ಕುದುರೆ ಎಫ್3ರಲ್ಲಿದ್ದರೆ ಅದೇ ಡಿ2ಕ್ಕೆ ಅಡ್ಡ ಬರುತ್ತದೆ. ಎರಡರಲ್ಲೂ ಬಲಿಯಾಗುವುದು ನಿಮ್ಮ ರಾಣಿಯೇ.