ಓದುಗರ ಪ್ರಶ್ನೆ: ಎಕ್ಸ್‌ಚೇಂಜ್ ಇಲ್ಲದೆ ಬಿಟ್‌ಕಾಯಿನ್ ಕೊಟ್ಟು ಲೈಟ್‌ಕಾಯಿನ್ ಪಡೆಯಬಹುದೇ?

ಪ್ರಶ್ನೆ: ನನ್ನ ಬಳಿ ಸ್ವಲ್ಪ ಬಿಟ್‌ಕಾಯಿನ್ ಇದೆ. ಆನ್‌ಲೈನ್‌ನಲ್ಲಷ್ಟೇ ಪರಿಚಯವಿರುವ ಪುಣೆಯ ಒಬ್ಬರ ಬಳಿ ಲೈಟ್‌ಕಾಯಿನ್ ಇದೆ. ಅದಲುಬದಲು ಮಾಡಿಕೊಳ್ಳಲು ಇಬ್ಬರಿಗೂ ಮನಸ್ಸಿದೆ. ಆದರೆ ಮೊದಲು ಕಳುಹಿಸಬೇಕಾದವರು ಯಾರು ಎಂಬಲ್ಲಿ ಮಾತು ನಿಂತಿದೆ. ವಜೀರ್‌ಎಕ್ಸ್ ಪ್ರಕರಣದ ಬಳಿಕ ಎಕ್ಸ್‌ಚೇಂಜ್‌ನಲ್ಲಿ ಇಡಲು ಧೈರ್ಯ ಬರುತ್ತಿಲ್ಲ. ಅಟಾಮಿಕ್ ಸ್ವಾಪ್ ಇದಕ್ಕೆ ಪರಿಹಾರ ಎನ್ನುತ್ತಾರೆ. ಅದು ನಡೆಯುವ ಬಗೆ ಹೇಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಅಂಜಿಕೆಗೆ ಕಾರಣವಿದೆ. 2014ರ ಫೆಬ್ರುವರಿಯಲ್ಲಿ ಜಪಾನಿನ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದು ತಿಳಿಸಿ ಬಾಗಿಲು ಹಾಕಿತು; 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಕುಸಿಯಿತು; 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನ ವಾಲೆಟ್ಟಿನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಆಸ್ತಿ ಕಳುವಾಯಿತು. ಕಾರಣಗಳು ಬೇರೆ ಬೇರೆಯಾದರೂ ಗ್ರಾಹಕರ ಸ್ಥಿತಿ ಮೂರರಲ್ಲೂ ಒಂದೇ: ನಾಣ್ಯಗಳ ಖಾಸಗಿ ಕೀಲಿ (ಅವನ್ನು ಖರ್ಚು ಮಾಡಲು ಬೇಕಾದ ಗುಪ್ತ ಸಂಕೇತ) ಅವರ ಕೈಯಲ್ಲಿರಲಿಲ್ಲ. ಅಟಾಮಿಕ್ ಸ್ವಾಪ್‌ನಲ್ಲಿ, ಅಂದರೆ ಮಧ್ಯವರ್ತಿಯಿಲ್ಲದೆ ಎರಡು ಕ್ರಿಪ್ಟೊಗಳನ್ನು ನೇರವಾಗಿ ಬದಲಾಯಿಸಿಕೊಳ್ಳುವ ವಿಧಾನದಲ್ಲಿ, ಆ ಕೀಲಿಯನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. 2013ರಲ್ಲಿ ಟಿಯರ್ ನೋಲನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಇದರ ವಿಧಾನವನ್ನು ವಿವರಿಸಿದರು.

ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ದರ ನಿಗದಿಯಾದ ಮೇಲೆ ನಿಮ್ಮ ಕಂಪ್ಯೂಟರ್ 32 ಬೈಟ್‌ಗಳ ಒಂದು ರಹಸ್ಯ ಸಂಖ್ಯೆಯನ್ನು ಸೃಷ್ಟಿಸಿ, ಅದರ ಎಸ್‌ಎಚ್‌ಎ-256 ಹ್ಯಾಶ್ (ಆ ಸಂಖ್ಯೆಯಿಂದ ಒಂದು ಗಣಿತ ಸೂತ್ರ ತೆಗೆಯುವ ಗುರುತು) ಲೆಕ್ಕ ಹಾಕುತ್ತದೆ. ಹ್ಯಾಶ್ ತಿಳಿದರೂ ಅದರಿಂದ ರಹಸ್ಯವನ್ನು ಕಂಡುಹಿಡಿಯಲು ಸಾಧ್ಯವಿಲ್ಲ. ನೀವು ನಿಮ್ಮ ಬಿಟ್‌ಕಾಯಿನನ್ನು ಬಿಟ್‌ಕಾಯಿನ್ ಬ್ಲಾಕ್‌ಚೈನ್‌ನಲ್ಲೇ (ಎಲ್ಲರೂ ಓದಬಹುದಾದ ವಹಿವಾಟಿನ ದಾಖಲೆಯಲ್ಲೇ) ಎರಡು ಷರತ್ತುಗಳೊಂದಿಗೆ ಬೀಗ ಹಾಕಿ ಇಡುತ್ತೀರಿ: ಆ ಹ್ಯಾಶ್‌ಗೆ ಹೊಂದುವ ರಹಸ್ಯವನ್ನು ತೋರಿಸಿದರೆ ಪುಣೆಯವರು ಅದನ್ನು ಪಡೆಯಬಹುದು, 48 ಗಂಟೆಗಳಲ್ಲಿ ಅವರು ಪಡೆಯದಿದ್ದರೆ ನೀವೇ ಹಿಂದಕ್ಕೆ ಪಡೆಯಬಹುದು. ಈ ವಹಿವಾಟು ಖಚಿತವಾದದ್ದನ್ನು ನೋಡಿದ ಮೇಲೆ ಪುಣೆಯವರು ಅದೇ ಹ್ಯಾಶ್ ಬಳಸಿ ತಮ್ಮ ಲೈಟ್‌ಕಾಯಿನ್‌ಗೆ ಬೀಗ ಹಾಕುತ್ತಾರೆ. ಆದರೆ ಅವರ ಗಡುವು 24 ಗಂಟೆ ಮಾತ್ರ. ಲೈಟ್‌ಕಾಯಿನ್ ಪಡೆಯಲು ನೀವು ರಹಸ್ಯವನ್ನು ಲೈಟ್‌ಕಾಯಿನ್ ಬ್ಲಾಕ್‌ಚೈನ್‌ನಲ್ಲಿ ಬಹಿರಂಗಪಡಿಸಲೇಬೇಕು. ಬಹಿರಂಗವಾದ ಆ ಸಂಖ್ಯೆಯನ್ನು ಅಲ್ಲಿಂದಲೇ ಓದಿಕೊಂಡು ಅವರು ನಿಮ್ಮ ಬಿಟ್‌ಕಾಯಿನ್ ಪಡೆಯುತ್ತಾರೆ.

ಎರಡು ಗಡುವುಗಳ ನಡುವಿನ ಅಂತರವೇ ಇಡೀ ವ್ಯವಸ್ಥೆಯ ಜೀವಾಳ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಗಡುವು ಮೊದಲು ಮುಗಿಯುವಂತಿದ್ದರೆ, ನೀವು ಸುಮ್ಮನೆ ಕಾದು, ಬಿಟ್‌ಕಾಯಿನನ್ನು ಹಿಂದಕ್ಕೆ ಪಡೆದು, ಬಳಿಕ ರಹಸ್ಯ ತೋರಿಸಿ ಲೈಟ್‌ಕಾಯಿನನ್ನೂ ಪಡೆದುಬಿಡಬಹುದಿತ್ತು. 24 ಗಂಟೆಯ ಕೊನೆಯ ಗಳಿಗೆಯಲ್ಲಿ ನೀವು ರಹಸ್ಯ ಬಿಚ್ಚಿಟ್ಟರೂ ಪುಣೆಯವರಿಗೆ ಇನ್ನೊಂದು ದಿನದ ಅವಕಾಶ ಉಳಿಯುವುದರಿಂದ ಈ ಮೋಸಕ್ಕೆ ಎಡೆಯಿಲ್ಲ. ಆದರೆ ಆ ಒಂದು ದಿನ ಅವರ ಕಂಪ್ಯೂಟರ್ ಆಫ್ ಆಗಿದ್ದರೆ, ಅಥವಾ ಅವರು ನೀಡಿದ ಶುಲ್ಕ ಕಡಿಮೆಯಾಗಿ ವಹಿವಾಟು ಬ್ಲಾಕ್‌ಗೆ ಸೇರದೆ ಉಳಿದರೆ, ನಷ್ಟ ಅವರದ್ದೇ. ಮಧ್ಯವರ್ತಿ ಇಲ್ಲದ ಕಡೆ ಎಚ್ಚರವಾಗಿರುವ ಕೆಲಸವೂ ನಮ್ಮದೇ ಆಗುತ್ತದೆ; ಇದನ್ನು ಒಪ್ಪಿಕೊಳ್ಳದವರು ಈ ದಾರಿಗೆ ಬರಬಾರದು.

ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು. ರಹಸ್ಯ ಸರಿಯಾಗಿ 32 ಬೈಟ್ ಇದೆಯೇ ಎಂದು ಎರಡೂ ಬೀಗಗಳು ಪರಿಶೀಲಿಸಬೇಕು. ಇಂಥ ಷರತ್ತುಗಳನ್ನು ಬರೆಯುವ ಭಾಷೆಯಾದ ಬಿಟ್‌ಕಾಯಿನ್ ಸ್ಕ್ರಿಪ್ಟ್‌ನಲ್ಲಿ ಒಂದು ಅಂಶ 520 ಬೈಟ್ ಮೀರುವಂತಿಲ್ಲ. ಅದಕ್ಕಿಂತ ಉದ್ದದ ರಹಸ್ಯವನ್ನು ಒಪ್ಪುವ ಬೇರೊಂದು ಬ್ಲಾಕ್‌ಚೈನ್‌ನೊಂದಿಗೆ ವಿನಿಮಯ ನಡೆದು, ಈ ಪರಿಶೀಲನೆ ಇಲ್ಲದಿದ್ದರೆ, ರಹಸ್ಯವನ್ನು ಆರಿಸಿದವರು ಅಲ್ಲಿ ನಾಣ್ಯ ಪಡೆಯುತ್ತಾರೆ, ಎದುರಿನವರಿಗೆ ಮಾತ್ರ ಅದೇ ರಹಸ್ಯ ಬಿಟ್‌ಕಾಯಿನ್ ಬೀಗವನ್ನು ತೆರೆಯುವುದಿಲ್ಲ. ಆದ್ದರಿಂದ ಸಾಫ್ಟ್‌ವೇರ್ ಬಹಿರಂಗ ಮೂಲಸಂಕೇತದ್ದಾಗಿರಲಿ, ಅನೇಕರು ಪರೀಕ್ಷಿಸಿದ್ದಾಗಿರಲಿ. 2017ರ ಸೆಪ್ಟೆಂಬರ್‌ನಲ್ಲಿ ಲೈಟ್‌ಕಾಯಿನ್ ಸ್ಥಾಪಕ ಚಾರ್ಲಿ ಲೀ ಡಿಕ್ರೆಡ್ ಎಂಬ ಇನ್ನೊಂದು ಕ್ರಿಪ್ಟೊ ಜೊತೆ ನಡೆಸಿದ ವಿನಿಮಯ ಕೇವಲ 1.337 ಲೈಟ್‌ಕಾಯಿನ್‌ನದಾಗಿತ್ತು. ನೀವೂ ಮೊದಲು ಟೆಸ್ಟ್‌ನೆಟ್‌ನಲ್ಲಿ (ಬೆಲೆಯಿಲ್ಲದ ನಾಣ್ಯಗಳಿಂದ ಅಭ್ಯಾಸ ಮಾಡುವ ಜಾಲದಲ್ಲಿ), ಆಮೇಲೆ ಕಳೆದುಹೋದರೂ ತಡೆದುಕೊಳ್ಳಬಹುದಾದಷ್ಟು ಚಿಕ್ಕ ಮೊತ್ತದಲ್ಲಿ ಮಾಡಿ ನೋಡಿರಿ.

ಪ್ರಶ್ನೆ: ರಹಸ್ಯವನ್ನು ಇಟ್ಟುಕೊಂಡವರು ಬೆಲೆ ಏರಿಳಿಯುವುದನ್ನು ನೋಡಿ ಮನಸ್ಸು ಬದಲಾಯಿಸಿದರೆ ಎದುರಿನವರ ಗತಿಯೇನು?
— ಓದುಗರು, ಶಿವಮೊಗ್ಗ

ಉತ್ತರ: ಈ ವಿಧಾನದ ನಿಜವಾದ ದೌರ್ಬಲ್ಯವನ್ನೇ ನೀವು ಗುರುತಿಸಿದ್ದೀರಿ. ರಹಸ್ಯ ಉಳ್ಳವರು ಗಡುವಿನ ಹತ್ತಿರದವರೆಗೆ ಕಾಯಬಹುದು. ಅಷ್ಟರಲ್ಲಿ ಲೈಟ್‌ಕಾಯಿನ್ ಬೆಲೆ ಏರಿದರೆ ವಿನಿಮಯ ಪೂರ್ಣಗೊಳಿಸುತ್ತಾರೆ, ಇಳಿದರೆ ಸುಮ್ಮನಿದ್ದು ತಮ್ಮ ಬಿಟ್‌ಕಾಯಿನನ್ನು ಹಿಂದಕ್ಕೆ ಪಡೆಯುತ್ತಾರೆ. ಎದುರಿನವರ ನಾಣ್ಯವೂ ಮರಳಿ ಬರುತ್ತದೆ ನಿಜ, ಆದರೆ ಒಂದು ದಿನ ಅದು ಬೀಗದಲ್ಲಿ ಸಿಕ್ಕಿಕೊಂಡಿರುತ್ತದೆ, ವಹಿವಾಟು ಶುಲ್ಕವೂ ಕೈಬಿಟ್ಟು ಹೋಗಿರುತ್ತದೆ. ಇದನ್ನು ತಡೆಯಲು ರಹಸ್ಯ ಉಳ್ಳವರಿಂದ ಮುಂಗಡ ಶುಲ್ಕ ಪಡೆಯುವುದು, ಗಡುವುಗಳನ್ನು ಕಿರಿದು ಮಾಡುವುದು ಮುಂತಾದ ಉಪಾಯಗಳಿವೆ. ಗಡುವನ್ನು ತೀರಾ ಕಿರಿದು ಮಾಡಿದರೆ ಮೇಲೆ ಹೇಳಿದ ಎಚ್ಚರದ ಅವಧಿಯೂ ಕುಗ್ಗುತ್ತದೆ. ಪರಿಚಯವೇ ಇಲ್ಲದವರೊಂದಿಗೆ ದೊಡ್ಡ ಮೊತ್ತವನ್ನು ಒಂದೇ ಸಲಕ್ಕೆ ಬದಲಾಯಿಸುವುದಕ್ಕಿಂತ, ಸಣ್ಣ ಸಣ್ಣ ಕಂತುಗಳಲ್ಲಿ ಬದಲಾಯಿಸುವುದೇ ಲೇಸು.

ಪ್ರಶ್ನೆ: ಬ್ರಿಡ್ಜ್‌ಗಳೂ ಇದನ್ನೇ ಮಾಡುವುದಲ್ಲವೇ? ಮೊನೆರೊಗೂ ಸ್ವಾಪ್ ಸಾಧ್ಯವೇ?
— ಓದುಗರು, ಮೈಸೂರು

ಉತ್ತರ: ಬ್ರಿಡ್ಜ್ ಬೇರೆ. ಸಾಮಾನ್ಯವಾಗಿ ಅಲ್ಲಿ ನಿಮ್ಮ ನಾಣ್ಯವನ್ನು ಒಂದು ಕಡೆ ಹಿಡಿದಿಟ್ಟು, ಇನ್ನೊಂದು ಕಡೆ ಅದರ ಪ್ರತಿನಿಧಿ ಟೋಕನ್ ಕೊಡುತ್ತಾರೆ. ಹಿಡಿದಿಟ್ಟ ರಾಶಿಯೇ ಕಳ್ಳರ ಗುರಿಯಾಗುತ್ತದೆ. 2022ರ ಮಾರ್ಚ್‌ನಲ್ಲಿ ರೋನಿನ್ ಬ್ರಿಡ್ಜ್‌ನಿಂದ 60 ಕೋಟಿ ಡಾಲರ್‌ಗೂ ಹೆಚ್ಚು ಹೋದದ್ದು ಹೀಗೆ. ವಹಿವಾಟಿನ ವಿವರಗಳನ್ನು ಮರೆಮಾಚುವ ಕ್ರಿಪ್ಟೊ ಆದ ಮೊನೆರೊದಲ್ಲಿ ಅಟಾಮಿಕ್ ಸ್ವಾಪ್‌ನ ಬೀಗಕ್ಕೆ ಬೇಕಾದ ಸ್ಕ್ರಿಪ್ಟ್ ಸೌಲಭ್ಯವಿಲ್ಲ. ಆದರೂ ಅಡಾಪ್ಟರ್ ಸಹಿ ಎಂಬ ಗಣಿತ ತಂತ್ರದಿಂದ ಬಿಟ್‌ಕಾಯಿನ್ ಮತ್ತು ಮೊನೆರೊ ನಡುವಿನ ವಿನಿಮಯ 2021ರಿಂದ ಬಳಕೆಗೆ ಬಂದಿದೆ.

ಪ್ರಶ್ನೆ: ಎಕ್ಸ್‌ಚೇಂಜ್ ಇಲ್ಲ, ರೂಪಾಯಿಯೂ ಕೈಗೆ ಬರುವುದಿಲ್ಲ. ಹಾಗಾದರೆ ತೆರಿಗೆ ಕಟ್ಟಬೇಕಾಗಿಲ್ಲವೇ?
— ಓದುಗರು, ಮಂಗಳೂರು

ಉತ್ತರ: ಕಟ್ಟಬೇಕು. ಒಂದು ಕ್ರಿಪ್ಟೊ ಕೊಟ್ಟು ಇನ್ನೊಂದನ್ನು ಪಡೆಯುವುದೂ ಕಾನೂನಿನ ದೃಷ್ಟಿಯಲ್ಲಿ ವರ್ಗಾವಣೆಯೇ. ಪಡೆದ ಲೈಟ್‌ಕಾಯಿನ್‌ನ ಅಂದಿನ ಮೌಲ್ಯದಿಂದ ಬಿಟ್‌ಕಾಯಿನ್ ಕೊಂಡ ಬೆಲೆಯನ್ನು ಕಳೆದು ಉಳಿದ ಲಾಭದ ಮೇಲೆ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಶೇ 30ರ ತೆರಿಗೆ ಬೀಳುತ್ತದೆ. ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಹೊಂದಿಸಿಕೊಳ್ಳುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ ಶೇ 1ರ ಟಿಡಿಎಸ್ ಕೂಡ ಬಂದಿದೆ. ವ್ಯಾಪಾರದ ಆದಾಯವಿಲ್ಲದ ವ್ಯಕ್ತಿ ಕೊಡುವ ಮೊತ್ತ ಆರ್ಥಿಕ ವರ್ಷದಲ್ಲಿ 50,000 ರೂಪಾಯಿ ದಾಟದಿದ್ದರೆ ಅದು ಅನ್ವಯಿಸುವುದಿಲ್ಲ. ಎಕ್ಸ್‌ಚೇಂಜ್ ಇದ್ದಾಗ ಅದೇ ಈ ಕಡಿತವನ್ನು ನೋಡಿಕೊಳ್ಳುತ್ತದೆ. ನೇರ ವಿನಿಮಯದಲ್ಲಿ ಇಬ್ಬರೂ ಕೊಳ್ಳುವವರು, ಇಬ್ಬರೂ ಮಾರುವವರು. ಆದ್ದರಿಂದ ಇಬ್ಬರೂ ತೆರಿಗೆ ಕಟ್ಟಿ ಅದರ ದಾಖಲೆಯನ್ನು ಪರಸ್ಪರ ತೋರಿಸಬೇಕೆಂದು ನೇರ ತೆರಿಗೆಗಳ ಕೇಂದ್ರೀಯ ಮಂಡಳಿ 2022ರ ಜೂನ್‌ನಲ್ಲಿ ಸ್ಪಷ್ಟಪಡಿಸಿದೆ. ನಾಲ್ಕು ವಹಿವಾಟುಗಳ ಸಂಖ್ಯೆ, ಆ ಹೊತ್ತಿನ ರೂಪಾಯಿ ದರ ಮತ್ತು ಚಲನ್‌ಗಳನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟು, ರಿಟರ್ನ್ ಸಲ್ಲಿಸುವ ಮೊದಲು ಲೆಕ್ಕಪರಿಶೋಧಕರಿಗೆ ತೋರಿಸಿರಿ.